ನಾರದನ ಯಜಮಾನರು

ಜರ್ಮನಿಯಲ್ಲಿ ಯಾರಾದರೂ ಊಟಕ್ಕೆ ಕರೆದರೆ ಹೇಳಿದ ಹೊತ್ತಿಗೆ ಸರಿಯಾಗಿ ಹೋಗಬೇಕು. ರಾಯರ ಮನೆಗೆ ಮಾತ್ರ ಮುಕ್ಕಾಲು ಗಂಟೆ ತಡವಾಗಿ ಹೋಗುವುದು ಕ್ಷೇಮ. ಹೊತ್ತಿಗೆ ಸರಿಯಾಗಿ ಹೋದವರಿಗೆ ಊಟಕ್ಕೆ ಮುಂಚೆ ನಾರದನ ದರ್ಶನವಾಗುತ್ತದೆ.

ನಾರದ ಎಂದರೆ ರಾಯರ ಮ್ಯೂಸಿಕ್ ಸರ್ವರ್. ಚಳಿಗಾಲದ ಕೋಟು, ವ್ಯಾಕ್ಯೂಮ್ ಕ್ಲೀನರ್, ಇಂಡಿಯನ್ ಅಂಗಡಿಯಿಂದ ತಂದ ಸೋನಾ ಮಸೂರಿ ಮೂಟೆ ಎಲ್ಲ ಇರುವ ಸಣ್ಣ ಸಾಮಾನು ಕೋಣೆಯಲ್ಲಿ, ಫ್ರಿಟ್ಜ್‌ಬಾಕ್ಸ್ ಎಂಬ ಇಂಟರ್ನೆಟ್ ರೂಟರಿನ ಪಕ್ಕದಲ್ಲಿ, ಟಿಫನ್ ಕ್ಯಾರಿಯರ್ ಗಾತ್ರದ ಒಂದು ಕಪ್ಪು ಡಬ್ಬಿ. ಹಸಿರು ದೀಪ ಮಿಣಮಿಣ ಎನ್ನುತ್ತಿರುತ್ತದೆ. ಪಕ್ಕದ ಇನ್ನೊಂದು ಡಬ್ಬಿಯ ಹೆಸರು ತುಂಬುರು. ನಾರದನಿಗೆ ಏನಾದರೂ ಆದರೆ ಇರಲಿ ಅಂತ. ತುಂಬುರುವಿಗೂ ಏನಾದರೂ ಆದರೆ? ಕೆಳಗೆ ನೆಲಮಾಳಿಗೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಳಗೆ ಮೂರನೆಯ ಪ್ರತಿ ಇದೆ. ‘ಇಡೀ ಕಟ್ಟಡಕ್ಕೇ ಬೆಂಕಿ ಬಿದ್ದರೆ?’ ಎಂದು ಯಾರಾದರೂ ಕೇಳಿದರೆ ರಾಯರ ಮುಖ ಅರಳುತ್ತದೆ. ಆ ಪ್ರಶ್ನೆಗಾಗಿ ವರ್ಷಗಳಿಂದ ಕಾದಿದ್ದಾರೆ. ನಾಲ್ಕನೆಯ ಪ್ರತಿ ಮೈಸೂರಿನ ಕುವೆಂಪುನಗರದಲ್ಲಿ ಅವರ ಭಾವಮೈದುನನ ಮನೆಯಲ್ಲಿದೆ. ಅದು ಏನೆಂದು ಭಾವಮೈದುನನಿಗೆ ಗೊತ್ತಿಲ್ಲ. ಅವನು ಅದರ ಮೇಲೆ ಎಲೆಅಡಿಕೆ ತಟ್ಟೆ ಇಟ್ಟುಕೊಂಡಿದ್ದಾನೆ.

ಇಂಥ ರಾಯರು ಒಬ್ಬರೇ ಎಂದುಕೊಳ್ಳಬೇಡಿ. ಮ್ಯೂನಿಕ್‌ನಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ, ಸ್ಟುಟ್‌ಗಾರ್ಟ್‌ನ ಕಾರು ಕಾರ್ಖಾನೆಗಳ ಸುತ್ತಮುತ್ತ, ನಾಲ್ಕು ಮನೆ ಕನ್ನಡದವರು ಇದ್ದಲ್ಲೆಲ್ಲ ಒಬ್ಬರು ಇದ್ದೇ ಇರುತ್ತಾರೆ. ವಯಸ್ಸು ಐವತ್ತರ ಆಚೀಚೆ. ಎರಡು ವರ್ಷದ ಮಟ್ಟಿಗೆ ಎಂದು ಬಂದವರು. ಬಂದಾಗ ಹುಟ್ಟಿದ ಮಗಳು ಈಗ ಕಾರು ಓಡಿಸುತ್ತಾಳೆ. ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಇನ್ನೊಬ್ಬರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವುದು. ಪ್ರತಿ ಸಲ ಊರಿಗೆ ಹೋದಾಗಲೂ ಸೂಟ್‌ಕೇಸಿನಲ್ಲಿ ಸಿ.ಡಿ. ತುಂಬಿಕೊಂಡು ಬಂದವರು, ಅದಕ್ಕೋಸ್ಕರ ಹೆಂಡತಿಯ ಹುಣಸೆಹಣ್ಣನ್ನೂ ಮೆಂತ್ಯದ ಹಿಟ್ಟನ್ನೂ ವಿಮಾನ ನಿಲ್ದಾಣದಲ್ಲೇ ಬಿಡಿಸಿದವರು.

ನಾನು ಹೇಳುತ್ತಿರುವ ರಾಯರು ಇರುವುದು ಎರ್ಲಾಂಗನ್‌ನಲ್ಲಿ. ಇದರಲ್ಲೊಂದು ತಮಾಷೆ ಇದೆ. ಎಂಪಿ3 ಹುಟ್ಟಿದ್ದೇ ಈ ಊರಿನಲ್ಲಿ. ಊರಂಚಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಜೊತೆಯವರು ಸುಜಾನ್ ವೇಗಾ ಎಂಬ ಅಮೆರಿಕದ ಗಾಯಕಿಯ ಒಂದೇ ಹಾಡನ್ನು ಮತ್ತೆ ಮತ್ತೆ ಕೇಳಿ ಕೇಳಿ ಎಂಪಿ3ಯನ್ನು ಹದಕ್ಕೆ ತಂದರು. 1995ರ ಜುಲೈಯಲ್ಲಿ ಆ ಫೈಲುಗಳಿಗೆ ಎಂಪಿ3 ಎಂಬ ಬಾಲ ಅಂಟಿಸಿದ್ದೂ ಅಲ್ಲೇ. ರಾಯರು ಆ ಊರಿನ ನೀರು ಕುಡಿದು, ಆ ಊರಿಗೆ ತೆರಿಗೆ ಕಟ್ಟಿ, ಎಂಪಿ3 ಎಂದರೆ ಮಡಿಯಲ್ಲಿರುವವರು ಈರುಳ್ಳಿಯಿಂದ ಸರಿಯುವ ಹಾಗೆ ಸರಿಯುತ್ತಾರೆ. ಅವರದೆಲ್ಲ ಫ್ಲ್ಯಾಕ್ ಎಂಬ ಬಗೆಯ ಫೈಲು. ಅದರಲ್ಲಿ ಒಂದು ಚೂರೂ ಕಳೆಯುವುದಿಲ್ಲ.

‘ಮನುಷ್ಯನ ಕಿವಿಗೆ ಕೇಳದ್ದನ್ನ ತೆಗೆದು ಬಿಸಾಡಿದೀವಿ ಅಂತಾರಲ್ರೀ, ಯಾರ ಕಿವಿಗೆ? ಅವರ ಕಿವಿಗೆ! ತಂಬೂರಿ ಕೇಳಿ ಬೆಳೆದ ಕಿವಿ ಅವರಿಗೇನು ಗೊತ್ತು?’ ಎಂದು ಕೇಳುತ್ತಾರೆ. ಮನೆಯಾಕೆ ಅಡುಗೆಮನೆಯಿಂದ ‘ರೀ, ಬಾಗಿಲು ಬೆಲ್ ಆಯ್ತು’ ಎಂದು ಕೂಗಿದ್ದು ಮಾತ್ರ ಆ ಕಿವಿಗೆ ಬಿದ್ದಿರುವುದಿಲ್ಲ.

ಸಿ.ಡಿ. ರಿಪ್ ಮಾಡುವುದು, ಅಂದರೆ ಅದರ ಹಾಡುಗಳನ್ನು ಫೈಲುಗಳಾಗಿ ಇಳಿಸಿಕೊಳ್ಳುವುದು, ಅವರಿಗೆ ಒಂದು ವ್ರತ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಬಾಯೇ ಇಲ್ಲವಾದ್ದರಿಂದ ಒಂದು ಹಳೆಯ ವಿಂಡೋಸ್ ಲ್ಯಾಪ್‌ಟಾಪನ್ನು ಮುದಿ ಹಸುವಿನಷ್ಟು ಜೋಪಾನವಾಗಿ ಸಾಕಿಕೊಂಡಿದ್ದಾರೆ. ಅದರಲ್ಲಿ ‘ಎಕ್ಸಾಕ್ಟ್ ಆಡಿಯೋ ಕಾಪಿ’ ಎಂಬ ತಂತ್ರಾಂಶ. ಆಂದ್ರೆ ವೀಟ್‌ಹೋಫ್ ಎಂಬ ಜರ್ಮನ್ ಬರೆದದ್ದು. ಗುಣವೂ ಅಪ್ಪಟ ಜರ್ಮನ್. ಒಂದು ಸೆಕೆಂಡಿನ ಹಾಡು ಎಂದರೆ ಸಿ.ಡಿ.ಯಲ್ಲಿ 75 ಸೆಕ್ಟರು. ಈ ತಂತ್ರಾಂಶ ಪ್ರತಿಯೊಂದನ್ನೂ ಎರಡೆರಡು ಸಲ ಓದುತ್ತದೆ. ಎರಡೂ ಹೊಂದದಿದ್ದರೆ ಮತ್ತೆ ಓದುತ್ತದೆ, ಹೆಚ್ಚೆಂದರೆ 82 ಸಲ. ನಮ್ಮ ಸಿ.ಡಿ.ಗಳೋ, ಒಂದಾದರೂ ಗೀರಿಲ್ಲದೆ ಉಳಿದಿರುವುದುಂಟೆ? ಮದುವೆಮನೆಯ ಮೈಕಿನವರ ಕೈಗೆ ಹೋಗಿ ಬಂದದ್ದು, ಮಗು ಅಂಬೆಗಾಲಿನಲ್ಲಿ ಎಳೆದಾಡಿದ್ದು, ಒಂದರ ಮೇಲೆ ಕುಂಕುಮವೂ ಇತ್ತು. ರಾತ್ರಿ ಎರಡು ಗಂಟೆಗೆ ಕರ್ ಕರ್ ಕರ್ ಎಂದು ಮೈಸೂರು ಅನಂತಸ್ವಾಮಿಯವರ ಒಂದೇ ಒಂದು ಸೆಕೆಂಡಿಗಾಗಿ ಆ ಯಂತ್ರ ಒದ್ದಾಡುವುದನ್ನು ರಾಯರು ಆಪರೇಷನ್ ಥಿಯೇಟರಿನ ಹೊರಗೆ ಕೂತವರ ಮುಖ ಮಾಡಿಕೊಂಡು ನೋಡುತ್ತಾರೆ.

ಕಡೆಗೆ ಒಂದು ಸಂಖ್ಯೆ ಬರುತ್ತದೆ. ಚೆಕ್‌ಸಮ್. ಲೋಕದಲ್ಲಿ ಬೇರೆಯವರು ಅದೇ ಸಿ.ಡಿ.ಯಿಂದ ತೆಗೆದದ್ದಕ್ಕೂ ಇದಕ್ಕೂ ಆ ಸಂಖ್ಯೆ ತಾಳೆಯಾದರೆ ಒಂದು ಬಿಟ್ ಕೂಡ ಕದಲಿಲ್ಲ ಎಂದು ಅರ್ಥ. ಕನ್ನಡದ ಸಿ.ಡಿ.ಗಳಿಗೆ ತಾಳೆ ನೋಡಲು ಇನ್ನೊಬ್ಬರು ಸಿಗುವುದೇ ಅಪರೂಪ. ರಾಯರೇ ಎರಡು ಸಲ ತೆಗೆದು, ತಮಗೆ ತಾವೇ ಸಾಕ್ಷಿಯಾಗಿ ನಿಂತು, ಸಹಿ ಹಾಕುತ್ತಾರೆ.

ಆಮೇಲೆ ನಾಮಕರಣ. ಅಸಲಿ ಕಷ್ಟ ಇಲ್ಲಿದೆ. ಬೀಥೋವನ್ ಸಿ.ಡಿ. ಹಾಕಿದರೆ ಅಂತರ್ಜಾಲದಿಂದ ಹೆಸರು, ಇಸವಿ, ಮುಖಪುಟದ ಚಿತ್ರ ಎಲ್ಲ ತಾವಾಗಿಯೇ ಬಂದು ಕೂರುತ್ತವೆ. ಭಾವಗೀತೆಯ ಸಿ.ಡಿ. ಹಾಕಿದರೆ ‘ಟ್ರ್ಯಾಕ್ 01, ಟ್ರ್ಯಾಕ್ 02’. ಸರಿ, ರಾಯರೇ ಕೂತು ಬರೆಯುತ್ತಾರೆ. ಅಶ್ವಥ್ ಎಂದೋ, ಅಶ್ವತ್ಥ್ ಎಂದೋ? ಸಿ. ಮೊದಲೋ ಕೊನೆಯೋ? ‘ಕಲಾವಿದ’ ಎಂಬ ಒಂದೇ ಚೌಕದಲ್ಲಿ ಕವಿಯನ್ನು ಬರೆಯುವುದೋ, ರಾಗ ಹಾಕಿದವರನ್ನೋ, ಹಾಡಿದವರನ್ನೋ? ಸಂಗೀತದ ಜಾತಿ ಕೇಳುವ ಕಡೆ ತಂತ್ರಾಂಶ ಸೂಚಿಸಿದ ಉತ್ತರ ‘ವರ್ಲ್ಡ್ ಮ್ಯೂಸಿಕ್’. ರಾಯರಿಗೆ ರೇಗಿಹೋಯಿತು. ‘ಪುರಂದರದಾಸರು ವರ್ಲ್ಡ್ ಆದರೆ ಬಾಖ್ ಹುಟ್ಟಿದ್ದೇನು ಮಂಗಳಗ್ರಹದಲ್ಲೇ?’

ಇದೆಲ್ಲಕ್ಕಿಂತ ದೊಡ್ಡ ಗಂಡಾಂತರ ಇಂಗ್ಲಿಷಿನ ‘ಡಿ’ ಅಕ್ಷರದ್ದು. ಅಕಾರಾದಿಯಾಗಿ ಜೋಡಿಸಿದಾಗ ಅರ್ಧ ಸಂಗ್ರಹ ‘ಡಿ’ ಅಡಿಯಲ್ಲಿ ಬಂದು ಕೂತಿತ್ತು. ನೋಡಿದರೆ ನಮ್ಮಲ್ಲಿ ಅರ್ಧ ಜನ ಡಾಕ್ಟರು. ಉಳಿದವರು ‘ಪಿ’ಯಲ್ಲಿ: ಪಂಡಿತರು. ಇನ್ನೂ ಉಳಿದವರು ‘ವಿ’ಯಲ್ಲಿ: ವಿದ್ವಾನ್, ವಿದುಷಿ. ಮೂರೇ ಅಕ್ಷರದಲ್ಲಿ ಕರ್ನಾಟಕ ಸಂಗೀತವೂ ಹಿಂದೂಸ್ತಾನಿಯೂ ಚಿತ್ರಗೀತೆಯೂ ಮುಗಿದುಹೋಗಿದ್ದವು. ‘ಬಿರುದು ತೆಗೆದು ಬರೀ ಹೆಸರು ಹಾಕ್ಬಿಡಿ’ ಎಂದು ನಾನು ಸಲಹೆ ಕೊಟ್ಟೆ. ರಾಯರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ಅಣ್ಣಾವ್ರಿಗೆ ಮೈಸೂರು ಯೂನಿವರ್ಸಿಟಿ 1976ರಲ್ಲಿ ಕೊಟ್ಟ ಡಾಕ್ಟರೇಟು. ಎರ್ಲಾಂಗನ್‌ನಲ್ಲಿ ಕೂತು ಅದನ್ನ ರದ್ದು ಮಾಡೋಕೆ ನಾನು ಯಾರು ಸ್ವಾಮಿ?’

ಈ ಹೆಸರಿನ ವಿಷಯದಲ್ಲಿ ರಾಯರ ಆರಾಧ್ಯದೈವ ಗಾಯಕಿ ಗೌಹರ್ ಜಾನ್. ಆಕೆಯ ಹಾಡಿಗಾಗಿಯಲ್ಲ, ಹೆಸರು ಹೇಳಿದ್ದಕ್ಕಾಗಿ. 1902ರಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಆಕೆಯ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ. ತಟ್ಟೆ ಅಚ್ಚಾಗಬೇಕಾಗಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದು ಎಂದು ತಿಳಿಯುವುದು ಹೇಗೆ? ಅದಕ್ಕೇ ಗೌಹರ್ ಜಾನ್ ಹಾಡು ಮುಗಿಸಿ ಕೊನೆಗೆ ತನ್ನ ಹೆಸರು ಇಂತಹದು ಎಂದು ಇಂಗ್ಲಿಷಿನಲ್ಲಿ ಠಾಕುಠೀಕಾಗಿ ಹೇಳಿಬಿಡುತ್ತಿದ್ದಳು. ಲೇಬಲ್ ಬರೆಯುವವನಿಗೆ ಅಷ್ಟು ಸಾಕು. ‘ಮೆಟಾಡೇಟಾ ಅಂದ್ರೆ ಅದು ಕಣ್ರೀ! ನೂರಿಪ್ಪತ್ತು ವರ್ಷದ ಹಿಂದೆ! ಆ ಮಹಾತಾಯಿ ಕಡೆಗಾಲಕ್ಕೆ ಬಂದು ಸೇರಿದ್ದು ನಮ್ಮ ಮೈಸೂರು ಅರಮನೆಗೆ. 1930ರಲ್ಲಿ ತೀರಿಕೊಂಡದ್ದೂ ಮೈಸೂರಲ್ಲೇ. ನಮ್ಮವರು ಯಾರಾದರೂ ಕಲಿತರಾ?’ ಎಂದು ಮೇಜು ಕುಟ್ಟುತ್ತಾರೆ. ಹ್ಯಾನೋವರ್ ಎಂದ ಕೂಡಲೇ ಅವರನ್ನು ತಡೆಯುವುದು ಕಷ್ಟ. ಗ್ರಾಮಫೋನ್ ತಟ್ಟೆಯ ಜನಕ ಎಮಿಲ್ ಬರ್ಲಿನರ್ ಹುಟ್ಟಿದ್ದು ಅಲ್ಲೇ. 1982ರ ಆಗಸ್ಟಿನಲ್ಲಿ ಅಬ್ಬಾ ತಂಡದ ಮೊದಲ ಸಿ.ಡಿ. ಅಚ್ಚಾಗಿ ಹೊರಬಿದ್ದದ್ದೂ ಅದರ ಮಗ್ಗುಲಿನ ಲಾಂಗೆನ್‌ಹಾಗೆನ್‌ನ ಕಾರ್ಖಾನೆಯಿಂದ. ಇಷ್ಟು ಹೇಳುವ ಹೊತ್ತಿಗೆ ಬಿಸಿಬೇಳೆಬಾತು ಆರಿರುತ್ತದೆ.

ರಿಪ್ ಆದ ಸಿ.ಡಿ.ಗಳ ಗತಿ? ‘ಎಲ್ಲ ಡಬ್ಬಿಗೆ ಹೋಯ್ತಲ್ಲ, ಇನ್ನು ಇವನ್ನ ಯಾರಿಗಾದ್ರೂ ಕೊಟ್ಬಿಡಿ. ಆ ಕಪಾಟು ನಂಗೆ ಬೇಕು’ ಎಂದು ಮನೆಯಾಕೆ ಕೇಳಿದರು. ನ್ಯಾಯವಾದ ಬೇಡಿಕೆ. ರಾಯರು ಕಾನೂನು ತೆಗೆದರು. ಸ್ವಂತಕ್ಕೆ ಪ್ರತಿ ಮಾಡಿಕೊಳ್ಳಲು ಜರ್ಮನಿಯ ಕಾನೂನು ಬಿಡುತ್ತದೆ, ನಕಲಾಗದಂತೆ ಬೀಗ ಹಾಕಿದ ಸಿ.ಡಿ.ಯ ಬೀಗ ಒಡೆಯಬಾರದು ಅಷ್ಟೆ. ಮೂಲವನ್ನು ದಾನ ಮಾಡಿ ನಕಲು ಇಟ್ಟುಕೊಂಡರೆ? ಕಾನೂನು ಏನೇ ಅನ್ನಲಿ, ರಾಯರ ಧರ್ಮಶಾಸ್ತ್ರದ ಪ್ರಕಾರ ಅದು ಪಾಪ. ಹಾಗಾಗಿ ಜಾಗ ಉಳಿಸಲೆಂದು ಸರ್ವರಿಗೆ ಏರಿಸಿದ ಏಳುನೂರು ಚಿಲ್ಲರೆ ಸಿ.ಡಿ. ಕಪಾಟಿನಲ್ಲೇ ಇವೆ. ಸರ್ವರಿನ ಡಬ್ಬಿಗಳು ಮಾತ್ರ ಹೊಸದಾಗಿ ಸೇರಿಕೊಂಡವು.

ಇಷ್ಟಾದ ಮೇಲೆ ಹಾಡು ಕೇಳುವುದು ಯಾವಾಗ? ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಜರ್ಮನಿಯಲ್ಲಿ ಸದ್ದು ಮಾಡುವಂತಿಲ್ಲ. ಭಾನುವಾರ ಇಡೀ ದಿನ ನಿಶ್ಶಬ್ದ. ವಾರದ ದಿನ ಆಫೀಸು. ಉಳಿದ ಹೊತ್ತಿನಲ್ಲಿ ನಾರದ ನಿದ್ದೆ ಮಾಡುತ್ತಿರುತ್ತಾನೆ, ವಿದ್ಯುತ್ ದುಬಾರಿ ಎಂದು ರಾಯರೇ ಅವನನ್ನು ಮಲಗಿಸಿರುತ್ತಾರೆ. ಅತಿಥಿಗಳು ‘ಭೀಮಸೇನ ಜೋಶಿಯವರ ಒಂದು ದಾಸರಪದ ಹಾಕಿ’ ಎಂದರೆ ಮೊದಲು ಒಂದು ಮೌನ. ‘ಏಳ್ತಿದಾನೆ, ಏಳ್ತಿದಾನೆ’ ಎಂದು ರಾಯರು ಕೈ ಎತ್ತಿ ಸಮಾಧಾನ ಹೇಳುತ್ತಾರೆ. ತಂಬೂರಿ ಶುರುವಾಗುತ್ತದೆ. ಪಂಡಿತರು ಬಾಯಿ ತೆರೆಯುತ್ತಾರೆ. ಎಲ್ಲರೂ ಚಮಚ ಕೆಳಗಿಟ್ಟು ಕಣ್ಣು ಮುಚ್ಚುವಷ್ಟರಲ್ಲಿ ನಿಂತುಹೋಗುತ್ತದೆ. ಫೋನ್ ಹಿಡಿದ ರಾಯರು: ‘ಒಂದ್ನಿಮಿಷ. ಮುಖಪುಟದ ಚಿತ್ರ ಬೇರೇದು ಬಂದಿದೆ.’

ಅವರು ಹಾಡು ಕೇಳುವುದೇ ಹಾಗೆ, ಪರೀಕ್ಷೆಗೆ. ಪ್ರತಿ ಹಾಡಿನ ಮೊದಲ ಹತ್ತು ಸೆಕೆಂಡು. ಸರಿಯಿದೆಯೆಂದು ಗುರುತು ಹಾಕಿ ಮುಂದಿನದಕ್ಕೆ. ಏಳೆಂಟು ಸಾವಿರ ಹಾಡುಗಳ ಮೊದಲ ಹತ್ತು ಸೆಕೆಂಡು ಅವರಿಗೆ ಕಂಠಪಾಠ. ಶಿಶುನಾಳ ಶರೀಫರ ಪದಕ್ಕೆ ಮುಂಚಿನ ಏಕತಾರಿ ಎಷ್ಟು ಸಲ ಮಿಡಿಯುತ್ತದೆ ಎಂದು ಕೇಳಿ, ಹೇಳುತ್ತಾರೆ.

ಹೋದ ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ ಹಾಡು ಗುರುತಿಸುವ ಸ್ಪರ್ಧೆ ಇಟ್ಟಿದ್ದರು. ಒಂದು ಹುಡುಗಿ ಫೋನಿನಲ್ಲಿ ಹಾಡು ಶುರುಮಾಡುವುದು, ನಾವು ಹೆಸರು ಹೇಳುವುದು. ಉಳಿದವರಿಗೆ ಕೈ ಎತ್ತಲು ಅವಕಾಶವೇ ಸಿಗಲಿಲ್ಲ. ಪಿಟೀಲಿನ ಕಮಾನು ತಂತಿಗೆ ತಾಗಿತೋ ಇಲ್ಲವೋ, ರಾಯರು ಚಿತ್ರದ ಹೆಸರು, ಇಸವಿ, ರಾಜನ್–ನಾಗೇಂದ್ರರೋ ಜಿ.ಕೆ. ವೆಂಕಟೇಶರೋ ಎಂಬುದು, ಜೊತೆಗೆ ‘ಇದು ಎಂಪಿ3, ಮೇಲಿನ ಸ್ವರ ಸತ್ತಿದೆ’ ಎಂಬ ತೀರ್ಪು ಎಲ್ಲ ಕೊಟ್ಟು ಕೂತರು. ಮೊದಲ ಸುತ್ತಿನಲ್ಲಿ ಪೂರ್ತಿ ಅಂಕ. ಚಪ್ಪಾಳೆ ಬಿತ್ತು. ಮನೆಯಾಕೆ ಕೂಡ ಸ್ವಲ್ಪ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು.

ಎರಡನೆಯ ಸುತ್ತಿನ ನಿಯಮ ಬೇರೆ. ಪಲ್ಲವಿಯ ಮೊದಲ ಸಾಲು ಮುಗಿದೊಡನೆ ಹುಡುಗಿ ಹಾಡು ನಿಲ್ಲಿಸಿದಳು. ‘ಈಗ ನೀವು ಮುಂದುವರಿಸಬೇಕು ಅಂಕಲ್. ಮುಂದಿನ ಸಾಲು ಹಾಡಿ.’

ರಾಯರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ಚಾವಣಿ ನೋಡಿದರು, ಹೆಂಡತಿಯ ಕಡೆ ನೋಡಿದರು. ಆಕೆ ಇಡೀ ಹಾಡನ್ನು ಮೂರೂ ಚರಣದ ಸಮೇತ ತುಟಿಯಲ್ಲೇ ಹೇಳಿಕೊಡುತ್ತಿದ್ದರು.

‘ಮುಂದಿನ ಸಾಲು ಸರಿಯಾಗೇ ಇದೆ ಕಣಮ್ಮ’ ಎಂದರು ರಾಯರು. ‘ಚೆಕ್‌ಸಮ್ ನೋಡಿದೀನಿ.’