‘ನನ್ನ ಅಂಗಳ ಖರೇನ ಡೊಂಕ ಅದರಿ!’

ಜೇವರ್ಗಿಯ ಗ್ಯಾರೇಜೊಂದರ ಮುಂದೆ ಗೋಣಿಚೀಲದ ಮೇಲೆ ಮಲಗಿತ್ತು. ಆಳಂದದ ತೊಗರಿ, ಅಫಜಲಪುರದ ಕಬ್ಬು ಸಾಗಿಸುವ ಲಾರಿಯೊಂದರ ಪ್ರೊಪೆಲ್ಲರ್ ಶಾಫ್ಟ್ ಅದು. ಎಂಜಿನ್ ಬದಲಿಸಿದ ಮೇಲೆ ಬಿಚ್ಚಿಸಿಕೊಳ್ಳುತ್ತಿರುವುದು ಇದು ನಾಲ್ಕನೇ ಸಲ. ಬಿಡುವು ನೋಡಿ ಮಾತಾಡಿಸಿದೆವು.

ಪ್ರಶ್ನೆ: ಹೇಗಿದ್ದೀರಿ, ಶಾಫ್ಟಪ್ಪನವರೇ?

ಶಾಫ್ಟ್: ನಡಗಲಿಕ್ಕತ್ತೀನ್ರಿ. ಗಾಡಿ ನಲವತ್ತು ದಾಟಿತಂದ್ರ ಕ್ಯಾಬಿನ್ದಾಗಿನ ದೇವರ ಫೋಟೋನೂ ನನ್ನ ಜೋಡಿ ಕುಣಿತದ.

ಪ್ರಶ್ನೆ: ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ತಪ್ಪು ನಿಮ್ಮದೇ ಅಂತಾರೆ ಮಾಲಕರು.

ಶಾಫ್ಟ್: ನನ್ನ ಅಂಗಳ ಖರೇನ ಡೊಂಕ ಅದರಿ! ಬ್ಯಾರೆ ಲಾರಿ ಎಂಜಿನ್ ತಂದು ಇಳಿಸ್ಯಾರ. ಫೌಂಡೇಶನ್ ಕೂಡಲಿಲ್ಲ, ಪಟ್ಟಿ ಕೊಯ್ದು ವೆಲ್ಡಿಂಗ್ ಹೊಡದ್ರು. ಎಂಜಿನ್ ಮೂತಿ ಮ್ಯಾಲಾತು, ಗೇರ್ ಬಾಕ್ಸಿನ ಬಾಲ ಕೆಳಗಾತು. ಹಿಂದಿನ ಆಕ್ಸಲ್ಲಿನ ಹೌಸಿಂಗ್ ಮಾತ್ರ ಇದ್ದಲ್ಲೇ ಅದ. ನಡುವ ಸಿಕ್ಕಾಂವ ನಾನು.

ಪ್ರಶ್ನೆ: ಹಾಗಾದರೆ ನಿಮ್ಮನ್ನು ಪೂರಾ ನೆಟ್ಟಗೆ ಕೂಡಿಸಬೇಕಿತ್ತೆ?

ಶಾಫ್ಟ್: ಅಲ್ಲೇ ಎಲ್ಲಾರೂ ಎಡವತಾರ. ಪೂರಾ ನೆಟ್ಟಗಿದ್ರ ನನ್ನ ತುದಿ ಜಾಯಿಂಟಿನಾಗಿನ ಕ್ರಾಸಿನ ಸೂಜಿ ಬೇರಿಂಗ್ ಹೊರಳೂದಿಲ್ಲ, ಒಂದೇ ಕಡೆ ಸವಿತಾವ. 1ರಿಂದ 3 ಡಿಗ್ರಿ ಸೊಟ್ಟ ಇರಬೇಕು. ಆದ್ರ ಎರಡೂ ತುದಿ ಸಮ ಸೊಟ್ಟ! ಬಾಗಿದ ಕ್ರಾಸ್ ಒಂದು ಸುತ್ತಿನಾಗ ಎರಡು ಸಲ ಮುಂದ ಓಡತದ, ಎರಡು ಸಲ ಹಿಂದ ಬೀಳತದ. ಗೇರ್ ಬಾಕ್ಸ್ ಕಡೆ ಕ್ರಾಸ್ ಮಾಡಿದ ಸಾಲ ಹೌಸಿಂಗ್ ಕಡೆ ಕ್ರಾಸ್ ತೀರಿಸಬೇಕು. ಅದಕ್ಕ ನನ್ನ ಎರಡೂ ತುದಿಯ ಕಿವಿ ಒಂದೇ ಸಾಲಿನಾಗ ಇರಬೇಕು, ಕೋನದ ಫರಕ 1 ಡಿಗ್ರಿ ದಾಟಬಾರದು. ದಾಟಿದ್ರ ಬಡ್ಡಿ ಡ್ರೈವರನ ಸೊಂಟ ಕಟ್ಟತದ.

ಪ್ರಶ್ನೆ: ಇಲ್ಲಿತನಕ ಏನೇನು ಇಲಾಜು ಆಯಿತು?

ಶಾಫ್ಟ್: ಮೂರು ಸಲ ಹೊಸ ಕ್ರಾಸ್. ಟೈರ್ ಅದಲುಬದಲು. ಗಾಣಗಾಪುರದಾಗ ಕಾಯಿ. ಬಂಪರಿಗೆ ನಿಂಬಿಹಣ್ಣು, ಮೆಣಸಿನಕಾಯಿ. ಆಮ್ಯಾಲ ರಸ್ತಾಕ್ಕ ಬೈದ್ರು. ಪಾಪ, ಅದಕ್ಕ ರೂಢಿ ಅದ. ಕೋನ ಅಳೆಯೂ ಸಾಮಾನು ಮಾತ್ರ ಯಾರೂ ತರಲಿಲ್ಲ. ಕೇಳಿದ್ರ ಉಸ್ತಾದ್ರು, ‘ನಂದು ಇಪ್ಪತ್ತು ವರ್ಷದ ಕಣ್ಣು’ ಅಂದ್ರು. ಇಂಗ್ಲೆಂಡಿನ ರಾಬರ್ಟ್ ಹುಕ್ ಈ ಕ್ರಾಸ್ ಜಾಯಿಂಟಿನ ಬಗ್ಗೆ ಬರದು ಮುನ್ನೂರು ವರ್ಷ ದಾಟ್ಯಾವ್ರಿ!

ಪ್ರಶ್ನೆ: ಅಳೆಯೋದು ಅಷ್ಟು ಕಷ್ಟವೇ?

ಶಾಫ್ಟ್: ಏನ್ ಕಷ್ಟ? ಸಪಾಟ ನೆಲ ನೋಡಿ ಗಾಡಿ ತನ್ನ ಗಾಲಿ ಮ್ಯಾಲ ನಿಲ್ಲಸ್ರಿ, ಜಾಕಿ ಮ್ಯಾಲಲ್ಲ. ಗೇರ್ ಬಾಕ್ಸ್, ನಾನು, ಹೌಸಿಂಗ್: ಮೂರು ಕಡೆ ಅಳತಿ. ಖಾಲಿ ಇದ್ದಾಗೊಮ್ಮೆ, ಲೋಡ್ ಇದ್ದಾಗೊಮ್ಮೆ. ಕಬ್ಬು ಏರಿದ್ರ ಕಮಾನ್ ಪಟ್ಟಾ ಕುಸಿದು ಕೋನ ಬದಲಾಗತದ. ಫರಕ ಕಂಡ್ರ ಫೌಂಡೇಶನ್ ಅಡಿ ತಗಡು, ಇಲ್ಲಾ ಪಟ್ಟಾದ ಬುಡಕ್ಕ ಆಪಿನಂಥ ತುಂಡು. ಅಷ್ಟೇ.

ಪ್ರಶ್ನೆ: ಕೊನೆಯ ಮಾತು?

ಶಾಫ್ಟ್: ನನ್ನ ಗುಜರಿಗೆ ತೂಗೂಕಿಂತ ಮೊದಲು ಒಮ್ಮೆ ಅಳೀರಿ.

ಅಷ್ಟರಲ್ಲಿ ಗ್ಯಾರೇಜಿನ ಹುಡುಗ ನಾಲ್ಕನೇ ಕ್ರಾಸಿನ ಡಬ್ಬಿ ಹಿಡಿದು ಬಂದ.