ತಾರ ಷಡ್ಜದ ಎಡ ಮೋಟಾರು

ಸ್ಟೆಪ್ಪರ್ ಮೋಟಾರಿನಷ್ಟು ವಿಧೇಯವಾದದ್ದು ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ನನ್ನನ್ನೂ ಸೇರಿಸಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಒಂದು ಸುತ್ತಿಗೆ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ಇಡು ಅಂದರೆ ಇಡುತ್ತದೆ, ನಿಲ್ಲು ಅಂದರೆ ನಿಂತಲ್ಲೇ ಬಿಗಿದುಕೊಳ್ಳುತ್ತದೆ. ಒಂದೇ ಐಬು: ಹೆಜ್ಜೆ ತಪ್ಪಿದರೆ ತಪ್ಪಿತು ಅಂತ ಬಾಯಿಬಿಡುವುದಿಲ್ಲ. ಅಪ್ಪಣೆ ಕೊಟ್ಟವರೂ ಕೇಳುವುದಿಲ್ಲ. ಅದು ಎಳೆಯುವ ಅಡ್ಡತೊಲೆ, ಅಂದರೆ ಗ್ಯಾಂಟ್ರಿ, ಸೊಟ್ಟಗಾಗಿ ಸ್ಕ್ರೂ ನರಳುತ್ತಿರುವಾಗಲೂ ಪರದೆಯ ಮೇಲೆ ‘ವೈ 120.000’ ಎಂದು ಮೂರು ದಶಾಂಶದವರೆಗೂ ಭರವಸೆ. ಇದಕ್ಕೆ ಓಪನ್ ಲೂಪ್ ಅನ್ನುತ್ತಾರೆ.

ಮನೆಯಲ್ಲಿ ಸಿಎನ್‌ಸಿ ರೂಟರ್ ಎಂಬ ಕೆತ್ತನೆ ಯಂತ್ರ ಯಾಕೆ ಕಟ್ಟಿದೆ ಎಂದು ಕೇಳಬೇಡಿ. ಕೇಳಿದವರಿಗೆಲ್ಲ ‘ಮನೆಗೊಂದು ನಾಮಫಲಕ ಕೆತ್ತೋಕೆ’ ಅಂದಿದ್ದೇನೆ.

“ಭಾವ, ಅದನ್ನ ಅಂಗಡೀಲಿ ಎಂಟುನೂರು ರೂಪಾಯಿಗೆ ಮಾಡಿಕೊಡ್ತಾರೆ,” ಅಂದ ಭಾವಮೈದ.

“ಗೊತ್ತಪ್ಪ. ಆದರೆ ಮೆಷಿನ್ ಕೆಟ್ಟರೆ ರಿಪೇರಿ ಮಾಡೋ ಸುಖ ಅವರ ಪಾಲಿಗೆ ಹೋಗುತ್ತಲ್ಲ!”

ಬೆಂಗಳೂರಿನ ಎಸ್.ಪಿ. ರೋಡಿನಿಂದ ಮೋಟಾರು, ಟಿಬಿ6600 ಡ್ರೈವರ್, ಸ್ಕ್ರೂ, ಅಲ್ಯೂಮಿನಿಯಂ ಪ್ರೊಫೈಲು ಎಲ್ಲ ಮೈಸೂರಿಗೆ ಬಂದವು. ಆರ್ಡುಯಿನೋ ಮೇಲೆ ಜಿಆರ್‌ಬಿಎಲ್ ತಂತ್ರಾಂಶ ಕೂತಿತು. ಕಾರು ಶೆಡ್ಡಿನಿಂದ ಬೀದಿಗೆ ಹೋಯಿತು. ನನಗೆ ಬೇಕಾಗಿದ್ದ ಸುಖವೂ ತಡಮಾಡದೆ ಒದಗಿತು.

ಗ್ಯಾಂಟ್ರಿಯನ್ನು ವೈ ದಿಕ್ಕಿನಲ್ಲಿ ಎಳೆಯುವವು ಎರಡು ಮೋಟಾರು, ಎಡಕ್ಕೊಂದು ಬಲಕ್ಕೊಂದು. ಹೊರಟ ಗಳಿಗೆಯಲ್ಲೇ ಎಡಭಾಗ ಮುಂದೋಡುತ್ತದೆ, ಬಲಭಾಗ ಹಿಂದುಳಿಯುತ್ತದೆ, ಗ್ಯಾಂಟ್ರಿ ಓರೆಯಾಗಿ ಗಕ್ಕನೆ ಸಿಕ್ಕಿಕೊಳ್ಳುತ್ತದೆ. ಹಿಂದುಳಿದದ್ದೇ ಅಪರಾಧಿ ಎಂಬುದು ಲೋಕನ್ಯಾಯ. ಬಲ ಮೋಟಾರಿನ ವಿಚಾರಣೆ ಶುರುವಾಯಿತು. ಕಾಯಿಲ್ ಜೋಡಿ ಸರಿಯಿದೆಯೇ? ನಾಲ್ಕು ವೈರಿನಲ್ಲಿ ಯಾವುದಾದರೂ ಎರಡನ್ನು ಸೇರಿಸಿ ಶಾಫ್ಟ್ ತಿರುವಿದಾಗ ಬಿಗಿಯಾದರೆ ಅವೆರಡೂ ಒಂದೇ ಕಾಯಿಲಿನವು. ಬಿಗಿಯಾಯಿತು. ಕರೆಂಟ್ ಏರಿಸಿದೆ, ಮೋಟಾರು ಮುಟ್ಟಲಾಗದಷ್ಟು ಬಿಸಿಯಾಯಿತು. ಅದು 80 ಡಿಗ್ರಿಯವರೆಗೂ ತಡೆದುಕೊಳ್ಳುತ್ತದೆ, ನನ್ನ ಬೆರಳು ತಡೆಯಲಿಲ್ಲ. ವೇಗೋತ್ಕರ್ಷ ಇಳಿಸಿದೆ. ಕಪ್ಲಿಂಗಿನ ಗ್ರಬ್ ಸ್ಕ್ರೂ ಬಿಗಿದೆ. ಕೇಬಲ್ ಬದಲಿಸಿದೆ. ಗ್ಯಾಂಟ್ರಿಯ ಓರೆ ಹಾಗೇ ಉಳಿಯಿತು.

ಸಲಹೆಗಾರರ ವಿಷಯ ಬೇರೆಯೇ. ಮೆಷಿನ್ನಿನ ಮುಖ ನೋಡದವರೆಲ್ಲ ಫೋನಿನಲ್ಲೇ ‘ಕ್ಲೋಸ್ಡ್ ಲೂಪ್ ಹಾಕಿಬಿಡಿ ಸಾರ್’ ಅನ್ನುತ್ತಾರೆ. ಎನ್‌ಕೋಡರ್ ಇರುವ ಆ ಮೋಟಾರು ಹೆಜ್ಜೆ ತಪ್ಪಿದರೆ ತಾನೇ ಹೇಳುತ್ತದೆ, ನಿಜ. ಅದರ ಬೆಲೆಯನ್ನು ಮಾತ್ರ ಇವರು ಯಾರೂ ಹೇಳುವುದಿಲ್ಲ. ರೋಗಿಯನ್ನು ನೋಡದೆ ಹೃದಯ ಬದಲಿಸಿ ಅನ್ನುವ ವೈದ್ಯರು ಇವರು.

ಕೊನೆಗೆ ಕಪ್ಲಿಂಗ್ ಕಳಚಿ, ಎರಡೂ ಮೋಟಾರುಗಳನ್ನು ಭಾರವಿಲ್ಲದೆ ನಿಮಿಷಕ್ಕೆ 500 ಮಿಲಿಮೀಟರ್ ವೇಗದಲ್ಲಿ ಓಡಿಸುತ್ತಾ ಕೂತಿದ್ದೆ. ದೊಡ್ಡಮ್ಮ ಕಾಫಿ ಲೋಟ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದರು.

“ಎಡಗಡೇದು ಮೇಲಿನ ಷಡ್ಜದಲ್ಲಿದೆಯಲ್ಲೋ.”

“ಯಾವುದು ದೊಡ್ಡಮ್ಮ?”

“ನಿನ್ನ ಮೋಟಾರು ಕಣೋ. ಬಲಗಡೇದು ಐದೂವರೆ ಮನೆ ಶ್ರುತೀಲಿ ಆಧಾರ ಷಡ್ಜ ಹಿಡಿದಿದೆ. ಎಡಗಡೇದು ತಾರ ಷಡ್ಜ. ಇಬ್ಬರೂ ಒಂದೇ ಹಾಡು ತಾನೇ ಹಾಡಬೇಕಾದ್ದು?”

ನಾನು ಬಹಳ ಸಹನೆಯಿಂದ ತಿಳಿಸಿಕೊಟ್ಟೆ: ಎರಡಕ್ಕೂ ಹೋಗುವ ಪಲ್ಸ್ ಒಂದೇ, ಆದ್ದರಿಂದ ಬೇರೆ ಬೇರೆ ಸ್ವರ ಬರುವುದು ಸಾಧ್ಯವೇ ಇಲ್ಲ.

“ಸಾಧ್ಯ ಇಲ್ಲದ್ದು ಕೇಳಿಸ್ತಿದೆ. ಈ ಲೋಟ ಹಿಡಿ,” ಅಂದವರೇ ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಕೂತರು. “ಒಂದೊಂದಾಗಿ ಹಾಡಿಸು.”

ಒಂದೊಂದಾಗಿ ಹಾಡಿಸುವುದೆಂದರೆ ಒಂದರ ವೈರ್ ಕೀಳಬೇಕು. ಪವರ್ ಇರುವಾಗ ಕಿತ್ತರೆ ಡ್ರೈವರ್ ಸುಟ್ಟುಹೋಗುತ್ತದೆ. ಆರಿಸು, ಕೀಳು, ಹಾಕು, ಓಡಿಸು; ಮತ್ತೆ ಆರಿಸು. ದೊಡ್ಡಮ್ಮ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಬಲದ್ದು ‘ಗುಂ’ ಎಂದಾಗ ಅವರೂ ‘ಸಾ’ ಎಂದು ಸೇರಿಕೊಂಡರು. ಎಡದ್ದು ಎತ್ತಿಕೊಂಡಾಗ ಮೇಲಿನ ‘ಸಾ’ಗೆ ಹೋಗಿ, ಅಲ್ಲಿಂದ ‘ಸನಿದಪಮಗರಿಸ’ ಎಂದು ಇಳಿದು ಬಲ ಮೋಟಾರಿನ ಜಾಗ ತೋರಿಸಿದರು. ಗದ್ದಲ ಕೇಳಿ ನನ್ನಾಕೆ ಬಂದಳು, ತಲೆದೂಗಿದಳು. ಹಾಲಿನವನೂ ಕ್ಯಾನ್ ಕೆಳಗಿಟ್ಟು ನಿಂತ. “ನಂಗೆ ಎರಡೂ ಗುಯ್ ಅಂತ ಒಂದೇ ತರ ಕೇಳ್ತದೆ ಸಾರ್,” ಅಂದ. ದೊಡ್ಡಮ್ಮ ಕಣ್ಣು ತೆರೆದು ನೋಡಿದ ನೋಟಕ್ಕೆ ಕ್ಯಾನ್ ಎತ್ತಿಕೊಂಡು ಹೊರಟ. ಕಡೆಗೆ ಎರಡೂ ಶಾಫ್ಟಿಗೆ ಒಂದೊಂದು ಕಾಗದದ ಬಾವುಟ ಅಂಟಿಸಿ ಜೊತೆಗೇ ಓಡಿಸಿದೆವು. ಬಲದ ಬಾವುಟ ಒಂದು ಸುತ್ತು ಮುಗಿಸುವಷ್ಟರಲ್ಲಿ ಎಡದ್ದು ಎರಡು ಸುತ್ತು ಬಂತು.

ಲೆಕ್ಕ ಹೀಗೆ. ನನ್ನ ಸ್ಕ್ರೂ ಒಂದು ಸುತ್ತಿಗೆ 8 ಮಿಲಿಮೀಟರ್ ಸಾಗುತ್ತದೆ. 500 ಮಿಲಿಮೀಟರಿಗೆ ಅರವತ್ತೆರಡೂವರೆ ಸುತ್ತು, ಸುತ್ತಿಗೆ 200ರಂತೆ ಸೆಕೆಂಡಿಗೆ ಸುಮಾರು 208 ಹೆಜ್ಜೆ. ಹಾರ್ಮೋನಿಯಂನಲ್ಲಿ ಐದೂವರೆ ಮನೆಯ ಷಡ್ಜವೂ ಸುಮಾರು 208 ಹರ್ಟ್ಸ್. ಡ್ರೈವರುಗಳು ಪ್ರತಿ ಹೆಜ್ಜೆಯನ್ನು ಹದಿನಾರು ಚೂರು ಮಾಡಿ ಇಡಬೇಕು. ಎಡಗಡೆಯ ಹೊಸ ಡ್ರೈವರ್ ಅಂಗಡಿಯಿಂದ ಬರುವಾಗಲೇ ಎಂಟು ಚೂರಿಗೆ ಒಗ್ಗಿತ್ತು. ಅದೇ ಪಲ್ಸಿಗೆ ಎರಡರಷ್ಟು ಓಟ, ಎರಡರಷ್ಟು ಕಂಪನ, ಸರಿಯಾಗಿ ಒಂದು ಸ್ಥಾಯಿ ಮೇಲೆ. ಹಿಂದುಳಿದ ಬಲ ಮೋಟಾರು ನಿರಪರಾಧಿ. ಅಕ್ಕಿಕಾಳಿನಷ್ಟು ದೊಡ್ಡ ಎರಡು ಸ್ವಿಚ್ಚುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಸರಿಸಿದೆ. ಗ್ಯಾಂಟ್ರಿ ನೆಟ್ಟಗಾಯಿತು.

ಒಂದು ವಿಷಯ ಹೇಳಲೇಬೇಕು. ಕೆಲವು ವರ್ಷಗಳಿಂದ ದೊಡ್ಡಮ್ಮ ಕರೆದರೆ ಓಗೊಡುತ್ತಿರಲಿಲ್ಲ. ಕಿವಿ ಮಂದವಾಯಿತು ಎಂದು ನಾವೆಲ್ಲ ಕೂಡಿ ತೀರ್ಮಾನಿಸಿ, ಹಿಯರಿಂಗ್ ಏಡ್ ಬೆಲೆಯನ್ನೂ ವಿಚಾರಿಸಿದ್ದೆವು. ಆಯುಷ್ಯವೆಲ್ಲ ವೀಣೆ ಪಾಠ ಹೇಳಿದವರು ಅವರು. ಈಗ ವೀಣೆಯ ಗೌಸು ತೆಗೆಯುವುದು ದಸರೆಯ ಸರಸ್ವತಿ ಪೂಜೆಗೆ ಮಾತ್ರ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

“ಕರೆಯೋದು ಕೇಳಿಸ್ತಿತ್ತು ಕಣೋ,” ಅಂದರು ಹುಳಿ ಕಲಸುತ್ತಾ. “ಉತ್ತರ ಕೊಡೋವಂಥದ್ದು ಏನೂ ಇರ್ತಿರಲಿಲ್ಲ.”

ಯಾರೂ ಏನೂ ಅನ್ನಲಿಲ್ಲ. ನನ್ನಾಕೆ ಅವರಿಗೆ ಇನ್ನೊಂದು ಸೌಟು ಹುಳಿ ಬಡಿಸಿದಳು.

ಮರುದಿನದಿಂದ ಶೆಡ್ಡು ಅವರದಾಯಿತು. ಕೆತ್ತುವ ಸ್ಪಿಂಡಲ್ ಚಾಲೂ ಮಾಡಿದರೆ “ಆ ಕಿರುಚೋದನ್ನ ಮೊದಲು ನಿಲ್ಸು” ಅನ್ನುತ್ತಾರೆ. ಹಾಗಾಗಿ ಕೆತ್ತನೆ ಬಂದ್. ಬರೀ ಗ್ಯಾಂಟ್ರಿ ಓಡಬೇಕು. “ಷಡ್ಜ ಬಂತು, ಪಂಚಮ ಎಲ್ಲಿ?” ಎಂದರು. ಕಂಪನದ ಲೆಕ್ಕದಲ್ಲಿ ಷಡ್ಜ ಎರಡಿದ್ದರೆ ಪಂಚಮ ಮೂರು. ಅಡ್ಡಕ್ಕೆ ಓಡಿಸುವ ಎಕ್ಸ್ ಮೋಟಾರಿನ ವೇಗದ ಮಿತಿಯನ್ನು 750ಕ್ಕೆ ಏರಿಸಿದೆ. ವೈ 100 ಮಿಲಿಮೀಟರ್ ಹೋಗುವಷ್ಟರಲ್ಲಿ ಎಕ್ಸ್ 150 ಹೋಗುವಂತೆ ಒಂದು ಓರೆಗೆರೆ ಬರೆದೆ: ಜಿ1 ಎಕ್ಸ್150 ವೈ100 ಎಫ್901. ಶೆಡ್ಡಿನಲ್ಲಿ ತಂಬೂರಿಯ ಹಾಗೆ ಸ-ಪ ತುಂಬಿಕೊಂಡಿತು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದು, ಕೊಳಲನ್ನೂ ನುಡಿಸುತ್ತಾ ಎಲೆಕ್ಟ್ರಾನಿಕ್ ತಂಬೂರಿ ಮಾಡಿಕೊಟ್ಟವರು. ಅಂಗೈ ಅಗಲದ ಡಬ್ಬಿಯಲ್ಲಿ ಮುಗಿಯುವ ಆ ಕೆಲಸಕ್ಕೆ ನಾನು ಒಂದು ಕಾರ್ ಶೆಡ್ಡು ಹಿಡಿಸಿದ್ದೇನೆ.

ಈಗ ಹೊಸ ತಕರಾರು. ಹನ್ನೆರಡು ಸೆಕೆಂಡಿಗೆ ಗೆರೆ ಮುಗಿದು ಗ್ಯಾಂಟ್ರಿ ಹಿಂದಕ್ಕೆ ತಿರುಗುವಾಗ ಶ್ರುತಿ ಕಡಿದುಹೋಗುತ್ತದಂತೆ, ಆಲಾಪನೆಗೆ ಕುತ್ತಂತೆ. ಒಂದು ನಿಮಿಷ ಬಿಡದೆ ನುಡಿಯಬೇಕಾದರೆ ವೈ ಅರ್ಧ ಮೀಟರ್, ಎಕ್ಸ್ ಮುಕ್ಕಾಲು ಮೀಟರ್ ಓಡಬೇಕು. ನನ್ನ ಬೆಡ್ ಅಷ್ಟಿಲ್ಲ. ಉದ್ದದ ಸ್ಕ್ರೂಗಳಿಗೆ ಆರ್ಡರ್ ಕೊಟ್ಟೆ. ತೆಳ್ಳಗಿನ ಸ್ಕ್ರೂ ಅಷ್ಟುದ್ದ ಆದರೆ ವೇಗ ಹೆಚ್ಚಿದಾಗ ನಡುವೆ ಬಳುಕುತ್ತದೆ ದೊಡ್ಡಮ್ಮ, ಎಂದು ಮೊದಲೇ ಎಚ್ಚರಿಸಿದೆ.

“ಬಳುಕಲಿ ಬಿಡೋ,” ಅಂದರು. “ಗಮಕ ಬರುತ್ತೆ.”