ಲೇತಿಗೊಂದು ಪ್ರದಕ್ಷಿಣೆ

ಮಾರಾಟದ ಸರಕನ್ನು ಮೊಬೈಲಿನ ತೆರೆಯ ಮೇಲೆ ಎಲ್ಲ ಬದಿಯಿಂದಲೂ ತೋರಿಸಲೆಂದು, ತಿರುಗುವ ಪೀಠದ ಮೇಲೆ ಪಾದರಕ್ಷೆಯೊಂದನ್ನಿರಿಸಿ, ಹತ್ತು ಹತ್ತು ಡಿಗ್ರಿಗೊಮ್ಮೆ ಛಾಯಾಚಿತ್ರ ತೆಗೆದರೆ 36 ಚಿತ್ರಗಳಲ್ಲಿ ವೃತ್ತವು ಪೂರ್ಣವಾಗುವುದಷ್ಟೆ. ಆದರೆ ಟನ್ನುಗಟ್ಟಲೆ ತೂಗುತ್ತ, ಪೀಣ್ಯದ ಕಾರ್ಖಾನೆಯ ನೆಲಕ್ಕೆ ಬೋಲ್ಟು ಬಿಗಿಸಿಕೊಂಡು ಗಜಗಾಂಭೀರ್ಯದಿಂದ ಕುಳಿತಿರುವ ಲೇತ್ ಯಂತ್ರವು, ಯಾರೋ ಗಿರಾಕಿ ಮೊಬೈಲಿನ ಮೇಲೆ ಬೆರಳಾಡಿಸಿ ತನ್ನ ಬೆನ್ನನ್ನೂ ಕಾಣಬಯಸುವನೆಂಬ ಮಾತ್ರಕ್ಕೆ ಮೈ ತಿರುಗಿಸೀತೆ? ಛಾಯಾಗ್ರಾಹಕನೇ ಪ್ರದಕ್ಷಿಣೆಗೆ ಹೊರಡಬೇಕು.

ಗಣಪತಿಯ ಪ್ರದಕ್ಷಿಣೆಗಾದರೂ ಅಳತೆಯ ಗೊಡವೆಯಿರಲಿಲ್ಲ. ಇಲ್ಲಿ ಸೀಮೆಸುಣ್ಣದಿಂದ ವೃತ್ತವೆಳೆದು, ಅದನ್ನು ಸಮಭಾಗ ಮಾಡಿ, ಕ್ಯಾಮೆರಾದ ಎತ್ತರವಾಗಲಿ ದೂರವಾಗಲಿ ಕಿಂಚಿತ್ತೂ ವ್ಯತ್ಯಾಸವಾಗದಂತೆ ಗುರುತು ಗುರುತಿಗೂ ನಿಲ್ಲಬೇಕು; ತಪ್ಪಿದರೆ ತೆರೆಯ ಮೇಲೆ ಯಂತ್ರವು ಕುಡಿದವನಂತೆ ತೂರಾಡುತ್ತದೆ. ಹಿನ್ನೆಲೆಯೋ ಹೆಜ್ಜೆಗೊಂದು ವೇಷ: ಇಲ್ಲಿ ಕ್ರೇನು, ಅಲ್ಲಿ ಆಯುಧಪೂಜೆಯ ಬಾಡಿದ ಹಾರ, ಅದರಾಚೆ ಊಟದ ಡಬ್ಬಿಯನ್ನು ಬಿಚ್ಚುತ್ತಿರುವ ಕಾರ್ಮಿಕ ಮಹಾಶಯ. ಇವೆಲ್ಲವನ್ನೂ ಬಿಳಿಯ ಪರದೆಯಿಂದ ಮರೆಮಾಡಿದರೂ, ಹೊಳೆಯುವ ಉಕ್ಕಿನಲ್ಲಿ ಪ್ರತಿಬಿಂಬಿತವಾಗುವ ಛಾಯಾಗ್ರಾಹಕನ ಹೊಟ್ಟೆಯನ್ನು ಮರೆಮಾಡುವ ಪರದೆ ಇನ್ನೂ ಬಂದಿಲ್ಲ.

1860ರ ದಶಕದ ಪ್ಯಾರಿಸಿನ ಶಿಲ್ಪಿ ಫ್ರಾಂಸ್ವಾ ವಿಲೆಮ್ ಜಾಣ: ಆಸಾಮಿಯನ್ನು ನಡುವೆ ನಿಲ್ಲಿಸಿ, ಸುತ್ತಲೂ 24 ಕ್ಯಾಮೆರಾಗಳನ್ನಿಟ್ಟು, ಒಂದೇ ಸಲಕ್ಕೆ ಚಿತ್ರ ತೆಗೆದು, ಅವುಗಳ ಆಧಾರದಿಂದ ಪ್ರತಿಮೆ ಮಾಡುತ್ತಿದ್ದನು. ಅಷ್ಟು ಕ್ಯಾಮೆರಾಗಳ ಬೆಲೆ ಕೇಳಿದರೆ ನಮ್ಮ ಸಣ್ಣ ಕೈಗಾರಿಕೋದ್ಯಮಿಯೇ ಗಿರ್ರನೆ ತಿರುಗುವನು.

ಆದುದರಿಂದ ವಾಚಕರೇ, ಯಂತ್ರದ ಬೆನ್ನನ್ನು ಕಂಡೇ ತೀರಬೇಕೆಂದಿದ್ದರೆ, ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಎಂಬ ಯಂತ್ರಗಳ ಮೇಳ ನಡೆಯುವಾಗ ಹೋಗಿ ನೀವೇ ಒಂದು ಸುತ್ತು ಬನ್ನಿ. ಆ ಕೇಂದ್ರವಿರುವ ಮಾದಾವರದವರೆಗೆ ಈಗ ಮೆಟ್ರೋ ಇದೆ.